ಮಂಡಿಗೆ ಮೂರು ಸೂಜಿ

ಪ್ರೇಬೆನ್ನನ ಬಲಮಂಡಿ ಹಾಳಾದದ್ದು ಅವನದಲ್ಲದ ಒಂದು ಕಾಕ್‌ಗಾಗಿ. ಬ್ಯಾಡ್ಮಿಂಟನ್ನಿನ ಆ ಗರಿಯ ಕಾಕ್ ಸೀದಾ ಅವನ ಹೆಂಡತಿ ವೀಬೆಕೆಯ ಕಡೆಗೆ ಬರುತ್ತಿತ್ತು. ನೆಟ್ಟಿನ ಹತ್ತಿರ ನಿಂತಿದ್ದ ಆಕೆ ರ‍್ಯಾಕೆಟ್ಟನ್ನೂ ಎತ್ತಿಯಾಗಿತ್ತು. ಅಷ್ಟರಲ್ಲಿ ಹಿಂದಿನಿಂದ “ನನ್ನದು!” ಎಂದು ಅಬ್ಬರಿಸುತ್ತ ಗಂಡ ಹಾರಿಬಂದ. ಕಾಕ್ ನೆಟ್ಟಿಗೆ ಸಿಕ್ಕಿಕೊಂಡಿತು, ಗಂಡ ನೆಲಕ್ಕೆ ಬಿದ್ದ, ಮಂಡಿ ಒಣಕಡ್ಡಿಯಂತೆ ಲಟಕ್ ಎಂದಿತು.

“ಅದು ನನ್ನದಾಗಿತ್ತು” ಎಂದಳು ವೀಬೆಕೆ.

(ಗಂಡ ನೆಲದ ಮೇಲೆ ಹೊರಳಾಡುತ್ತಿರುವಾಗ ಹೆಂಡತಿಯಾದವಳು ಆಡುವ ಮೊದಲ ಮಾತೇ ಇದು? ಪ್ರೇಬೆನ್ ಈ ಪ್ರಶ್ನೆಯನ್ನು ಮುಂದೆ ಊರಿನ ಅರ್ಧ ಜನಕ್ಕೆ ಕೇಳಿದ. ಉಳಿದರ್ಧ ಜನ ಅವನನ್ನು ಕಂಡರೆ ರಸ್ತೆ ದಾಟಿಬಿಡುತ್ತಿದ್ದರು.)

ಸ್ವೆನ್‌ಬೋರ್ ಎಂಬ ದ್ವೀಪದೂರಿನ ಬಂದರಿನ ಹತ್ತಿರ ಅವನದೊಂದು ಕನ್ನಡಕದಂಗಡಿ. ಊರಿನವರೆಲ್ಲರ ದೃಷ್ಟಿದೋಷ ತಿದ್ದುವವನು, ತನ್ನದೊಂದನ್ನು ಬಿಟ್ಟು. ವೀಬೆಕೆ ಶಿಶುವಿಹಾರದ ಮುಖ್ಯಸ್ಥೆ. ಹಠಮಾರಿಗಳನ್ನು ನಿಭಾಯಿಸಿಯೇ ತಲೆ ನರೆಸಿಕೊಂಡವಳು. ಮದುವೆಯಾದ ವರ್ಷದಿಂದ ಗಂಡಹೆಂಡಿರು ಊರ ಕ್ಲಬ್ಬಿನಲ್ಲಿ ಜೋಡಿಯಾಗಿ ಆಡುತ್ತ ಬಂದಿದ್ದರು. ಅವರ ಹೊಂದಾಣಿಕೆಯನ್ನು ಕ್ಲಬ್ಬಿನ ಅಧ್ಯಕ್ಷರು ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಹೊಗಳುತ್ತಿದ್ದರು. ಹೊಗಳುವಾಗೆಲ್ಲ ಪ್ರೇಬೆನ್ ಎದ್ದು ನಿಂತು ತಲೆ ಬಾಗಿಸುತ್ತಿದ್ದ; ವೀಬೆಕೆ ಆಲೂಗಡ್ಡೆ ಬಡಿಸುತ್ತಿದ್ದಳು.

ಚಳಿಗಾಲ ಮುಗಿದರೂ ಮಂಡಿಯ ಬಾವು ಇಳಿಯಲಿಲ್ಲ. ಡಾಕ್ಟರಮ್ಮ ಮೆರೆತೆ ಒತ್ತಿ ನೋಡಿ, “ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತು ಏಳಬೇಕು. ದಿನಾ. ತೊಡೆ ಗಟ್ಟಿಯಾದರೆ ಮಂಡಿ ತಾನೇ ಸುಧಾರಿಸುತ್ತೆ” ಎಂದರು.

“ಅದು ಮುದುಕರ ಕಸರತ್ತು. ಸೂಜಿ ಇಲ್ವಾ?”

“ಸೂಜಿ ಇದೆ. ಆದರೆ ಕಸರತ್ತು ಬಿಟ್ಟರೆ...”

“ಸೂಜಿನೇ ಹಾಕಿ.”

ಮೊದಲನೆಯದು ಸ್ಟೀರಾಯ್ಡ್. ಆಹಾ! ಎರಡೇ ದಿನದಲ್ಲಿ ನೋವೆನ್ನುವುದು ಎಲ್ಲಿ ಹೋಯಿತೋ! ಪ್ರೇಬೆನ್ ಮನೆಯೊಳಗೆ ಕುಣಿದ, ಸೋಫಾ ದಾಟಿ ಹಾರಿದ, ಡಾಕ್ಟರಮ್ಮ ಹೇಳಿದ್ದ ವಿಶ್ರಾಂತಿಯನ್ನು ಗಾಳಿಗೆ ತೂರಿ ಅದೇ ವಾರ ಅಂಕಣಕ್ಕಿಳಿದ. ಮೊದಲ ಆಟ ಮುಗಿಯುವ ಮುನ್ನವೇ ಮಂಡಿ ಸೋರೆಕಾಯಿಯಷ್ಟಾಯಿತು.

“ವಿಶ್ರಾಂತಿ ತಗೋ ಅಂದಿದ್ದರು” ಎಂದಳು ವೀಬೆಕೆ, ಐಸಿನ ಚೀಲ ಒತ್ತಿ ಹಿಡಿದು. ಸ್ವಲ್ಪ ಹೆಚ್ಚಾಗಿಯೇ ಒತ್ತಿದಳೇನೋ.

“ಡಾಕ್ಟರು ಚುಚ್ಚಿದ್ದು ಸಾಲದೂಂತ ನೀನು ಬೇರೆ ಚುಚ್ಚು!”

“ನಾನು ಚುಚ್ಚೋದಕ್ಕೆ ಅಪಾಯಿಂಟ್‌ಮೆಂಟ್ ಬೇಡ.”

ಎರಡನೆಯದು ಕೀಲಿಗೆ ಎಣ್ಣೆ ಬಿಟ್ಟಂತೆ ಬಿಡುವ ಒಂದು ಅಂಟು ದ್ರವ. ಅದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಾರೆಂದು ಡಾಕ್ಟರಮ್ಮ ಹೇಳಿದ್ದನ್ನು ಪ್ರೇಬೆನ್ ಮನೆಗೆ ಬಂದು ವರದಿ ಮಾಡಿದ್ದೇ ತಪ್ಪಾಯಿತು. ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನು ಜೋಡಿಸುತ್ತಿದ್ದ ವೀಬೆಕೆ ಕೈ ನಿಲ್ಲಿಸಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹುಂಜದ್ದಾ? ಅದು ನಿನ್ನಲ್ಲಿ ಮೊದಲೇ ಬೇಕಾದಷ್ಟಿತ್ತಲ್ಲ!”

ಹುಂಜದ ಪ್ರಭಾವವೋ ಏನೋ, ಬೆಳಗ್ಗೆ ಬೇಗ ಎಚ್ಚರವಾಗತೊಡಗಿತು. ನೋವು ಮಾತ್ರ ಅವನಿಗಿಂತ ಮೊದಲೇ ಎದ್ದಿರುತ್ತಿತ್ತು.

ಇಷ್ಟರಲ್ಲಿ ದ್ವೀಪದ ಹಿರಿಯರ ಪಂದ್ಯಾವಳಿ ಹತ್ತಿರ ಬಂತು. ಕ್ಲಬ್ಬಿನವರು ವೀಬೆಕೆಗೆ ತಾತ್ಕಾಲಿಕ ಜೊತೆಗಾರನಾಗಿ ಪಾದ್ರಿ ಐವಿಂಡನನ್ನು ಕೊಟ್ಟರು. ಅವನಿಗೆ ಅರವತ್ತರ ಮೇಲಾಗಿತ್ತು, ಹೆಂಡತಿ ತೀರಿಕೊಂಡಿದ್ದಳು, ಕೊಕ್ಕರೆಯಂಥ ಕಾಲು, ಕಾಕ್ ಹೊಡೆದಾಗಲೂ ಅದಕ್ಕೆ ನೋವಾಯಿತೇನೋ ಎಂಬಂಥ ಮುಖ.

“ಪಾಪದವನು. ಮೊದಲ ಸುತ್ತಿಗೇ ಮನೆಗೆ ಬರ್ತೀರಿ” ಎಂದು ಪ್ರೇಬೆನ್ ಉದಾರವಾಗಿ ಸಮಾಧಾನ ಹೇಳಿದ.

ಮೊದಲ ಸುತ್ತು ಗೆದ್ದರು. ಎರಡನೆಯದನ್ನೂ ಗೆದ್ದರು. ವೀಬೆಕೆ ಅಡುಗೆಮನೆಯಲ್ಲಿ ಹಾಡು ಗುನುಗತೊಡಗಿದಳು. ಮದುವೆಯಾದಾಗಿನಿಂದ ಕೇಳದ ಆ ದನಿ ಪ್ರೇಬೆನ್ನನ ಮಂಡಿಯಲ್ಲಿ ಸೂಜಿಗಿಂತ ಆಳಕ್ಕೆ ಇಳಿಯಿತು. ಅವನು ಸೀದಾ ಡಾಕ್ಟರಮ್ಮನ ಬಳಿಗೆ ಓಡಿದ (ಓಡಿದ ಎಂದರೆ ಕುಂಟಿದ).

ಮೂರನೆಯದು ಅವನದೇ ರಕ್ತ. ತೋಳಿನಿಂದ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಸಾರ ತೆಗೆದು ಮಂಡಿಗೆ ಚುಚ್ಚಿದರು. “ಈ ಸಲವಾದರೂ ಗೋಡೆ ಕಸರತ್ತು ಮಾಡಿ” ಎಂದರು ಡಾಕ್ಟರಮ್ಮ. ಹಾಡಿನ ಭಯಕ್ಕೆ ಪ್ರೇಬೆನ್ ಮಾಡಿದ. ಅಂಗಡಿಯಲ್ಲಿ ಕನ್ನಡಕಗಳ ಗೋಡೆಗೆ ಒರಗಿ, ಗಿರಾಕಿಗಳ ಎದುರೇ ಅರ್ಧ ಕೂತು ಅರ್ಧ ಎದ್ದ.

“ನಿನ್ನ ರಕ್ತಾನೇ ನಿನಗೆ ಹಾಕಿದರೆ ಏನು ಬದಲಾಗುತ್ತೆ?” ಎಂದಳು ವೀಬೆಕೆ. “ಅದೇ ಪ್ರೇಬೆನ್ ತಾನೆ.”

ಆದರೆ ಬದಲಾಯಿತು! ಬಾವು ಇಳಿಯಿತು, ಕಾಲು ನೆಟ್ಟಗಾಯಿತು. ಪಂದ್ಯಾವಳಿಯ ಫೈನಲ್ಲಿಗೆ ಇನ್ನೊಂದು ದಿನವಿದೆ ಎನ್ನುವಾಗ ಡಾಕ್ಟರಮ್ಮ, “ಮಂಡಿ ಹೊಸದರ ಹಾಗಿದೆ, ಹೋಗಿ ಆಡಿ” ಎಂದರು. ಪ್ರೇಬೆನ್ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತ, ಮೆಟ್ಟಿಲುಗಳನ್ನು ಹಾರಿ ಮನೆ ಸೇರಿದ.

“ನಾಳೆ ನಾನೇ ಆಡ್ತೀನಿ! ಪಾದ್ರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿಬಿಡು.”

ವೀಬೆಕೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. “ಇಲ್ಲ” ಎಂದಳು.

“ಏನು ಇಲ್ಲ?”

“ನಾಳೆ ಐವಿಂಡ್ ಆಡ್ತಾನೆ.”

“ನನ್ನ ಮಂಡಿ ವಾಸಿಯಾಯ್ತು ಕಣೇ!”

“ಸಂತೋಷ.”

ನಡುವೆ ಜೊತೆಗಾರನನ್ನು ಬದಲಿಸುವಂತಿಲ್ಲ, ನಿಯಮ ಒಪ್ಪುವುದಿಲ್ಲ ಎಂದಿದ್ದರೆ ಅವನು ಗೊಣಗಿ ಸುಮ್ಮನಾಗುತ್ತಿದ್ದ. ಆದರೆ ಅವಳು ನಿಯಮದ ಮಾತನ್ನೇ ಎತ್ತಲಿಲ್ಲ. ಚಾಕು ಕೆಳಗಿಟ್ಟಳು.

“ಐವಿಂಡ್ ‘ನಿನ್ನದು’ ಅಂತಾನೆ.”

“ಏನಂದೆ?”

“ಕಾಕ್ ನನ್ನ ಕಡೆ ಬಂದರೆ ‘ನಿನ್ನದು’ ಅಂತ ಕೂಗ್ತಾನೆ. ಮೊದಲನೇ ಸಲ ಕೂಗಿದಾಗ ಏನು ಮಾಡಬೇಕೂಂತಲೇ ತೋಚಲಿಲ್ಲ ನನಗೆ. ಸುಮ್ಮನೆ ನೋಡ್ತಾ ನಿಂತೆ. ಕಾಕ್ ಬಿದ್ದುಹೋಯ್ತು.”

“ಹಾಗಾದರೆ ಇಷ್ಟು ವರ್ಷ ನಾವಿಬ್ಬರೂ ಆಡಿದ್ದು...”

“ನಾವಿಬ್ಬರೂ ಆಡಲಿಲ್ಲ, ಪ್ರೇಬೆನ್. ನೀನು ಆಡಿದೆ. ನಾನು ನಿನಗೆ ಅಡ್ಡ ಬರದ ಹಾಗೆ ನೋಡ್ಕೊಂಡೆ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ಜಗಳವಾಡಿ ಗೆಲ್ಲಬಹುದಿತ್ತು. ಮೇಜಿನ ಮೇಲಿದ್ದ ಬ್ರೆಡ್ಡನ್ನು ಅವಳು ಅವನ ಕಡೆಗೆ ಸರಿಸಿದಳು. ಅವನು ತಿಂದ. ರುಚಿ ಯಾವುದೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

ಮರುದಿನ ಅವನು ಪ್ರೇಕ್ಷಕರ ಬೆಂಚಿನಲ್ಲಿ ಕುಳಿತ. ಪಕ್ಕದವರು ಕಾಫಿಯ ಲೋಟ ಹಿಡಿದು ಒಬ್ಬೊಬ್ಬರಾಗಿ ವಿಚಾರಿಸತೊಡಗಿದರು: “ಏನಪ್ಪಾ, ನೀನು ಆಡ್ತಿಲ್ವಾ?” ಹೆಂಡತಿಗೆ ನಾನು ಬೇಡವಾದೆ ಎಂದು ಹೇಳಲಾದೀತೇ? ಪ್ರೇಬೆನ್ ಮುಖ ಹಿಂಡಿದ. “ಮಂಡಿ” ಎಂದು ನರಳಿದ. “ಇನ್ನೂ ಹಾಗೇ ಇದೆ. ಡಾಕ್ಟರ್ ಕೈಚೆಲ್ಲಿದ್ದಾರೆ.” ನಿಜವಾಗಿ ನೋಯುತ್ತಿದ್ದಾಗಲೂ ಅದಕ್ಕೆ ಇಷ್ಟು ಅನುಕಂಪ ಸಿಕ್ಕಿರಲಿಲ್ಲ. ಯಾರೋ ದಾಲ್ಚಿನ್ನಿ ಬನ್ ತಂದುಕೊಟ್ಟರು.

ಕೆಳಗೆ ವೀಬೆಕೆ ಆಡುತ್ತಿದ್ದಳು. ಹಿಂದಕ್ಕೆ ಬಾಗಿ, ಮುಂದಕ್ಕೆ ಚಿಮ್ಮಿ, ಇಡೀ ಅಂಕಣ ತನ್ನದೆಂಬಂತೆ. ಅವಳಿಗೆ ಅಂಥ ಹೊಡೆತ ಬರುತ್ತದೆಂದು ಪ್ರೇಬೆನ್ನನಿಗೆ ಗೊತ್ತೇ ಇರಲಿಲ್ಲ. ತಾನೇ ಅಡ್ಡ ನಿಂತಿದ್ದರೆ ಗೊತ್ತಾಗುವುದಾದರೂ ಹೇಗೆ? ಕೊನೆಯ ಪಾಯಿಂಟಿಗೆ ಅವಳು ಹೊಡೆದ ಕಾಕ್ ಎದುರಾಳಿಗಳ ನಡುವೆ ನೆಲ ಮುಟ್ಟಿದಾಗ ಅವನು ತನಗರಿವಿಲ್ಲದೆ ಎದ್ದು ಕೂಗಿದ.

ಗೆದ್ದರು. ಅಧ್ಯಕ್ಷರು ಮೈಕ್ ಹಿಡಿದರು. “ನೋವಿನಲ್ಲೂ ಹೆಂಡತಿಯನ್ನು ಹುರಿದುಂಬಿಸಲು ಬಂದಿರುವ ನಮ್ಮ ಪ್ರೇಬೆನ್ ಈಗ ಹೂಗುಚ್ಛ ಕೊಡಬೇಕು!”

ಸಭಾಂಗಣ ಚಪ್ಪಾಳೆ ತಟ್ಟಿತು. ಪ್ರೇಬೆನ್ ಹಲ್ಲು ಕಚ್ಚಿ, ಒಂದೊಂದು ಹೆಜ್ಜೆಗೂ ಉಸ್ಸೆನ್ನುತ್ತ ಕಾಲೆಳೆದುಕೊಂಡು ಅಂಕಣದ ನಡುವಿಗೆ ಬಂದ. ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಬೆವರಿನಲ್ಲಿ ಹೊಳೆಯುತ್ತಿದ್ದ ವೀಬೆಕೆ ನಗುನಗುತ್ತ ಹೂ ತೆಗೆದುಕೊಂಡಳು, ಅಪ್ಪಿಕೊಂಡಳು, ಅವನ ಕಿವಿಯಲ್ಲಿ ಉಸುರಿದಳು:

“ಬಲಗಾಲು, ಪ್ರೇಬೆನ್. ಕೆಟ್ಟಿದ್ದು ಬಲಗಾಲು.”

ವಾಪಸು ಹೋಗುವಾಗ ಅವನು ಕಾಲು ಬದಲಿಸಿದ. ಚಪ್ಪಾಳೆ ಒಮ್ಮೆಲೇ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು.