ಎರಡನೇ ಸುತ್ತು

ಊರಿನವರ ತಲೆಗಳನ್ನೆಲ್ಲ ಹಿಡಿದಿದ್ದ ಕ್ಷೌರಿಕನ ಕೈಯನ್ನು, ನಲವತ್ತು ದಾಟಿದರೂ ಯಾರೂ ಹಿಡಿದಿರಲಿಲ್ಲ. ಮತದಾನದ ದಿನ ಬೆಳಿಗ್ಗೆ ಮತಗಟ್ಟೆಯ ಟೀಚರ್ ಹಿಡಿದರು. ಬೆರಳಿಗೆ ಶಾಯಿ ಹಚ್ಚುವುದಕ್ಕೇ ಹಿಡಿದದ್ದು, ನಿಜ. ಆದರೆ ಒಣಗಲಿ ಎಂದು ಮೆಲ್ಲಗೆ ಊದಿದರಲ್ಲ, ಅದನ್ನು ಸರ್ಕಾರ ಹೇಳಿಕೊಟ್ಟಿರಲಿಲ್ಲ.

ಆ ಗಣರಾಜ್ಯದಲ್ಲಿ ಒಂದು ಪ್ರಾಂತ್ಯದ ಚುನಾವಣೆಯನ್ನು ಬೇರೆ ಪ್ರಾಂತ್ಯದವರೇ ಬಂದು ನಡೆಸಬೇಕು. ಬಂದವರು ಬಂದಲ್ಲಿಯೇ, ಎಲ್ಲರಿಗಿಂತ ಕೊನೆಗೆ ಮತ ಹಾಕಬೇಕು. ಟೀಚರ್ ಬಂದು ವಾರವಾಗಿತ್ತು. ದಿನವೂ ಅವನ ಅಂಗಡಿಯ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಹೇಳಬೇಕಾದ ಮಾತು ಅವನ ಗಂಟಲಲ್ಲೇ ಕೂತಿತ್ತು.

“ವಾಪಸ್ ಯಾವಾಗ, ಟೀಚರ್?”

“ಯಾರಾದ್ರೂ ಅರ್ಧಕ್ಕಿಂತ ಹೆಚ್ಚು ವೋಟು ತಗೊಂಡ್ರೆ ಇವತ್ತು ಸಂಜೆ ಬಸ್ಸಿಗೇ. ಯಾರೂ ಅರ್ಧ ದಾಟ್ಲಿಲ್ಲ ಅಂದ್ರೆ ಮುಂದಿನ ವಾರ ಎರಡನೇ ಸುತ್ತು. ಅಲ್ಲೀತನಕ ಇಲ್ಲೇ ಇರ್ತೀನಿ.”

ಕಣದಲ್ಲಿದ್ದ ನಾಲ್ವರಲ್ಲಿ ಇಟ್ಟಿಗೆ ಭಟ್ಟಿಯ ಯಜಮಾನ ಸಲೀಸಾಗಿ ಅರ್ಧ ದಾಟುವವನಿದ್ದ. ಅವನ ಮತ ಒಂದಿಷ್ಟು ಒಡೆದರೆ ಸಾಕಲ್ಲ ಎಂದುಕೊಂಡ ಕ್ಷೌರಿಕ, ಪ್ರತಿಸಲ ನಿಂತು ಠೇವಣಿ ಕಳೆದುಕೊಳ್ಳುವ ನಿವೃತ್ತ ಅಂಚೆಯವನ ಪರ ಗಿರಾಕಿಗಳ ಕಿವಿಯಲ್ಲಿ ಊದತೊಡಗಿದ. ಗಂಟಲ ಮೇಲೆ ಕತ್ತಿ ಇರುವಾಗ ಯಾರು ತಾನೇ ಇಲ್ಲವೆನ್ನುತ್ತಾರೆ?

ಪಕ್ಕದ ಚಹದಂಗಡಿಯವನಿಗೆ ಸುದ್ದಿ ಮುಟ್ಟಿತು. “ರಾಜಕೀಯದ ಮಾತೇ ಆಡದ ನೀನು ಹೇಳ್ತಿದೀಯ ಅಂದ್ರೆ ಅದರಲ್ಲಿ ಏನೋ ಇರ್ಬೇಕು,” ಎಂದವನೇ ಬೀದಿ ಬೀದಿ ಸುತ್ತಿ ಬಂದ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅಂಚೆಯವನದೇ ಮಾತು.

“ಸಾಕು ನಿಲ್ಸಣ್ಣ, ಒಂದು ಹಿಡಿ ಜನ ಸಾಕಿತ್ತು,” ಎಂದು ಕ್ಷೌರಿಕ ಅಂಗಲಾಚಿದ.

“ನಿನ್ನ ದೊಡ್ಡತನ ಕಣಯ್ಯ ಅದು,” ಎಂದು ಚಹದಂಗಡಿಯವನು ಇನ್ನೂ ನಾಲ್ಕು ಬೀದಿ ಸುತ್ತಿದ.

ಅಂಚೆಯವನೇ ಕಣ್ಣೊರೆಸಿಕೊಳ್ಳುತ್ತ ಬಂದ. “ತಮ್ಮಾ, ಇಷ್ಟು ಸಲ ನಿಂತ್ರೂ ನಾನೇ ನನಗೆ ವೋಟು ಹಾಕ್ಕೊಂಡಿರಲಿಲ್ಲ. ಈ ಸಲ ಧೈರ್ಯ ಬಂತು.”

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಸಂಜೆ ಎಣಿಕೆ ಮುಗಿದಾಗ ಅಂಚೆಯವನು ಅರ್ಧ ದಾಟಿದ್ದ, ಒಂದೇ ಒಂದು ಮತದಿಂದ. ಎರಡನೇ ಸುತ್ತಿಲ್ಲ.

ಕ್ಷೌರಿಕ ಬಸ್ ನಿಲ್ದಾಣಕ್ಕೆ ಓಡಿದ. ಓಡಲು ಜನ ಬಿಡಬೇಕಲ್ಲ! ಗೆಲ್ಲಿಸಿದ ಪುಣ್ಯಾತ್ಮನೆಂದು ಹಾರ ಹಾಕಿ ಹೆಗಲ ಮೇಲೆ ಹೊತ್ತೇಬಿಟ್ಟರು. ಬೇಡಿಕೊಂಡು ಮೆರವಣಿಗೆಯನ್ನು ನಿಲ್ದಾಣದ ಕಡೆ ತಿರುಗಿಸಿದ. ಹೆಗಲ ಮೇಲಿದ್ದ ಅವನ ಮುಖ ಸರಿಯಾಗಿ ಬಸ್ಸಿನ ಕಿಟಕಿಯ ಎತ್ತರಕ್ಕೆ ಬಂತು. ಕಿಟಕಿಯಲ್ಲಿ ಟೀಚರ್ ಇದ್ದರು.

“ಕೊನೇ ವೋಟು ನಂದೇ,” ಎಂದರು ಅವರು. “ನೀವು ಹೇಳಿದವರಿಗೇ ಹಾಕ್ದೆ.”

ಅವನು ಕಿಟಕಿಯ ಸರಳು ಹಿಡಿದುಕೊಂಡ.

“ಎರಡನೇ ಸುತ್ತು ಆಗ್ಲಿ, ಇನ್ನೊಂದು ವಾರ ಇಲ್ಲೇ ಇರೋಣ ಅಂತ ನಂಗೂ ಆಸೆ ಇತ್ತು. ಆದ್ರೆ ನೀವು ಅವರನ್ನ ಗೆಲ್ಲಿಸ್ಬೇಕು ಅಂತ ಅಷ್ಟು ಒದ್ದಾಡ್ತಿದ್ರಲ್ಲ. ನಿಮ್ಮ ಆಸೆಗೆ ಯಾಕೆ ಅಡ್ಡ ಬರ್ಲಿ ಅಂತ…”

“ಟೀಚರ್, ನಾನು—”

ಜೈಕಾರದಲ್ಲಿ ಉಳಿದದ್ದು ಮುಳುಗಿತು. ಬಸ್ಸು ಹೊರಟಿತು. ಮುಂದಿನ ಚುನಾವಣೆ ಐದು ವರ್ಷಕ್ಕೆ, ಅವರನ್ನು ಆಗ ಯಾವ ಪ್ರಾಂತ್ಯಕ್ಕೆ ಹಾಕುತ್ತಾರೋ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಶಾಯಿ ಹಚ್ಚಿದ ಬೆರಳನ್ನು ಎತ್ತಿ ಹಿಡಿದೇ ಇದ್ದ. ಕೆಳಗಿದ್ದವರು ಅದನ್ನು ಗೆಲುವಿನ ಗುರುತೆಂದುಕೊಂಡು ಮತ್ತೊಮ್ಮೆ ಜೈ ಎಂದರು.