ಅಕ್ಕನ ಹೆಸರಿನ ವಿಶ್ರಾಂತಿ

ದುಡಿಮೆಗೆ ವಿರುದ್ಧವಾದ ಶಬ್ದಗಳನ್ನು ಬರೆಯಿರಿ ಎಂದು ಯಾರಾದರೂ ಪರೀಕ್ಷೆ ಇಟ್ಟರೆ, ಇಡೀ ಇಳಕಲ್ಲಿಗೆ ನಾನೇ ಮೊದಲಿಗ! ಕಲಿತದ್ದು ಐದನೇ ಇಯತ್ತೆಯಾದರೂ ಈ ವಿಷಯದಲ್ಲಿ ನನ್ನ ಜ್ಞಾನ ಆಳವಾದದ್ದು. ಅಪ್ಪ ನನ್ನನ್ನು ಮೈಗಳ್ಳ ಎಂದ. ಅವ್ವ ಆಳಸಿ ಎಂದಳು. ಓಣಿಯವರು ಉಂಡಾಡಿ ಎಂದರು. ದಂಡಪಿಂಡ ಎಂಬುದನ್ನು ಹೆಂಡತಿ ಶಾರದಾ ತವರಿನಿಂದ ತಂದಳು.

ನನ್ನ ಅಕ್ಕ ನೀಲವ್ವನಿಗೆ ಮಾತ್ರ ಇಂಥ ಒಂದು ಶಬ್ದವೂ ಸಿಗಲಿಲ್ಲ. ಅಪ್ಪ ತೀರಿದ ಮೇಲೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು, ತನ್ನ ಮದುವೆಯನ್ನೂ ಮರೆತು ಊರಿನವರ ಮದುವೆಗೆಲ್ಲ ಸೀರೆ ನೇಯ್ದಳು. ನಾನು ಉಂಡದ್ದು ಅದರಿಂದಲೇ.

ಕಳೆದ ವರ್ಷ ಅವಳ ಬಲ ಮಣಿಕಟ್ಟು ಬಾತಿತು. ಬಾಗಲಕೋಟೆಯ ಡಾಕ್ಟರು ನೋಡಿದರು.

"ಹದಿನೈದು ದಿನ ಪೂರಾ ವಿಶ್ರಾಂತಿ ತಗೋರಿ. ಇಲ್ಲಂದ್ರ ಆಪರೇಷನ್ ಆಗ್ತೇತಿ. ಆಮ್ಯಾಲೆ ಮಗ್ಗ ಮರತಬಿಡ್ರಿ."

ಅಕ್ಕ ಗಾಬರಿಯಾದಳು. "ಅದಕ್ಕ ಏನ್ ಮಾಡಬೇಕ್ರಿ?"

"ಏನೂ ಮಾಡಬಾರದ್ರಿ."

"ಅದನ್ನ ಹೆಂಗ ಮಾಡೂದ್ರಿ?"

ನಾನು ಎದೆ ತಟ್ಟಿಕೊಂಡೆ. "ನೀ ಸುಮ್ಮನ ಕುಂದ್ರಕ್ಕಾ. ಹುನಗುಂದದವರ ಸೀರಿ ನಾ ಮುಗಸ್ತೇನಿ!"

ಅದು ಮದುಮಗಳೊಬ್ಬಳಿಗೆ ಒಪ್ಪಿಕೊಂಡಿದ್ದ ಸೀರೆ. ನಮ್ಮಲ್ಲಿ ಸೀರೆಯ ಮೈಯ ಎಳೆಗಳು ಬೇರೆ, ಸೆರಗಿನ ಕೆಂಪು ರೇಷ್ಮೆಯ ಎಳೆಗಳು ಬೇರೆ. ನೇಯುವ ಮೊದಲು ಒಂದಕ್ಕೊಂದು ಕುಣಿಕೆ ಹಾಕಿ, ಎಳೆ ಎಳೆಯಾಗಿ ಕೂಡಿಸಬೇಕು. ಸಾವಿರಾರು ಎಳೆ!

ಮೊದಲ ದಿನ ಎಳೆಗಳನ್ನು ನೋಡಿಯೇ ದಣಿದೆ. ಎರಡನೆಯ ದಿನ ಕುಣಿಯಲ್ಲಿ ಕಾಲಿಟ್ಟೆ. ಒಳಗೆ ತಂಪು. ತಂಪಿಗೆ ನಿದ್ದೆ!

ಒಳಗಿನಿಂದ ಶಾರದಾ ಕೂಗಿದಳು. "ಏನ್ರಿ, ಮಗ್ಗದಾಗಿಂದ ಗೊರಕಿ ಸಪ್ಪಳ ಬರಾಕತ್ತೇತಲ್ಲ!"

"ಎಳಿ ಎಣಸಾಕತ್ತೇನಿ. ಮಾತಾಡಸಬ್ಯಾಡ!"

ನಾಲ್ಕನೆಯ ದಿನ ನನಗೊಂದು ಮಹಾ ಉಪಾಯ ಹೊಳೆಯಿತು. ಒಂದೊಂದೇ ಎಳೆ ಯಾಕೆ? ಹತ್ತತ್ತು ಸೇರಿಸಿ ಗಂಟು ಹಾಕಿದರಾಯಿತು! ಸಂಜೆಯೊಳಗೆ ಕೆಲಸ ಮುಗಿಯಿತು. ನಮ್ಮ ಹಿರಿಯರು ಎಂಥ ದಡ್ಡರು ಎಂದು ಮರುಗುತ್ತ ಎರಡು ರೊಟ್ಟಿ ಹೆಚ್ಚು ತಿಂದೆ.

ಮರುದಿನ ಎಳೆ ಬಿಗಿದು ಲಾಳಿ ಹೊಡೆದೆ. ಕೆಲವು ಗಂಟು ಸಡಿಲ, ಕೆಲವು ಬಿಗಿ. ಬಿಗಿಯಾದವು ಪಟಪಟನೆ ಹರಿದವು. ಸಡಿಲಾದವು ಬಿಚ್ಚಿಕೊಂಡವು. ಸೆರಗು ಸೀರೆಯನ್ನು ಬಿಟ್ಟು ನನ್ನ ತೊಡೆಯ ಮೇಲೆ ಬಂದು ಮಲಗಿತು. ಅದಕ್ಕೂ ನನ್ನ ಗಾಳಿ ಬಡಿದಿತ್ತು!

ಸಪ್ಪಳ ಕೇಳಿ ಅಕ್ಕ ಬಂದಳು. ನಾನು ಬೈಗುಳಕ್ಕೆ ತಯಾರಾಗಿ ಕೂತೆ. ಅವಳು ಹರಿದ ಎಳೆಗಳನ್ನು ಸವರಿ ನೋಡಿದಳು, ಅಷ್ಟೇ.

"ಕಾಲ ಮ್ಯಾಲೆ ತಗಿ, ತಮ್ಮಾ."

"ಬ್ಯಾಡಕ್ಕಾ, ಡಾಕ್ಟರ್ ಹೇಳ್ಯಾರ..."

"ಮದುವಿ ದಿನ ಹುಡುಗಿ ಏನ್ ಉಟಗೋಬೇಕೋ? ಆಕಡೆ ಸರಿ."

ಸರಿದೆ. ಕುಣಿಗಿಳಿದ ಅವಳ ಕೈ ಹಿಡಿದು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಬಾತ ಕೈಯಿಂದ ಅವಳು ಹತ್ತು ದಿನ ಎಳೆ ಕೂಡಿಸಿ ನೇಯ್ದಳು. ಪಕ್ಕದ ಕೋಣೆಯಲ್ಲಿ ನಾನು ಮಲಗಿದ್ದೆ. ಲಾಳಿಯ ಸಪ್ಪಳಕ್ಕೆ ನಿದ್ದೆ ಚೆನ್ನಾಗಿ ಬರುತ್ತದೆ, ಚಿಕ್ಕಂದಿನ ರೂಢಿ.

ಮದುಮಗಳು ಸೀರೆ ಉಟ್ಟಳು. ನಾವು ಮತ್ತೆ ಬಾಗಲಕೋಟೆಗೆ ಹೋದೆವು.

"ವಿಶ್ರಾಂತಿ ತಗೊಂಡ್ರೇನ್ರಿ?"

ಅಕ್ಕ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಹೂಂನ್ರಿ, ಭಾಳ ತಗೊಂಡೇವ್ರಿ" ಎಂದಳು.

ಡಾಕ್ಟರು ಸೆರಗು ಸರಿಸಿ ಮಣಿಕಟ್ಟು ನೋಡಿದರು. ಆಮೇಲೆ ನನ್ನ ಹೊಟ್ಟೆ ನೋಡಿದರು.

"ಯಾರು ತಗೊಂಡ್ರಿ?"

ಆಪರೇಷನ್ ಆಯಿತು. ಅಕ್ಕನ ಎರಡು ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಮಗ್ಗದಲ್ಲಿ ನಾನು ಕೂರುತ್ತೇನೆ. ಬೆಳಗಿನಿಂದ ಸಂಜೆಯತನಕ ನೇಯ್ದರೆ ನಾಲ್ಕು ಬೆರಳಗಲ ಬಟ್ಟೆ! ಅಕ್ಕ ಹೊಸ್ತಿಲಲ್ಲಿ ಕೂತು, "ಒಂದು ಎಳಿ ಬಿಟ್ಟಿ ನೋಡು" ಎನ್ನುತ್ತಾಳೆ.

ಓಣಿಯವರು ಹಾದುಹೋಗುವಾಗ ನಿಂತು ನನ್ನನ್ನು ನೋಡಿ, "ಪಾಪ, ಭಾಳ ಕಷ್ಟಜೀವಿ" ಎನ್ನುತ್ತಾರೆ. ಇಷ್ಟು ವರ್ಷ ಎಷ್ಟೊಂದು ಬೈಗುಳ ತಿಂದೆ. ತಲೆ ತಗ್ಗಿಸುವಂತೆ ಮಾಡಿದ್ದು ಇದೊಂದೇ.