ಸಾವಕ್ಕನ ಎಂಟು ಸೀರೆ ಜಮಾ ಮಾಡದ ಕಾರ್ಯದರ್ಶಿಗಳಿಗೆ

ಬೆಟಗೇರಿಯ ನಮ್ಮ ನೇಕಾರ ಸಂಘದ ಘನ ಕಾರ್ಯದರ್ಶಿಗಳ ಸನ್ನಿಧಾನಕ್ಕೆ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವರೆಲ್ಲರ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾಡು ಒಂದಾದ ಮೇಲೆ ಲೆಕ್ಕ ಕನ್ನಡದಲ್ಲಿ ಎಂದಿರಿ; ಪುಸ್ತಕದ ರಟ್ಟಿನ ಮೇಲೆ ಕನ್ನಡ ಬಂತು, ಒಳಗೆ ನಮಗೆ ಓದಲು ಬಾರದ ಮರಾಠಿ ಮೋಡಿ ಅಕ್ಷರವೇ ಉಳಿಯಿತು. ತಿಂಗಳಿಗೊಮ್ಮೆ ಓದಿ ಹೇಳುತ್ತೇವೆ ಎಂದಿರಿ, ಹೇಳಲಿಲ್ಲ. ಸೀರೆ ಒಪ್ಪಿಸಿದವರಿಗೆ ಮರುದಿನವೇ ನೂಲು ಎಂದಿರಿ, ನಮ್ಮಂತೆಯೇ ಮಗ್ಗ ನಂಬಿದ ಸಾವಕ್ಕನಿಗೆ ಕೊಡಲಿಲ್ಲ. ಅಷ್ಟೇ ಅಲ್ಲ, ಸಂಘದ ನೂಲು ನುಂಗಿದವಳೆಂದು ಹೆಸರಿಟ್ಟು, ಸಂಘ ಕೊಟ್ಟ ಮಗ್ಗವನ್ನೇ ಅವಳ ಮನೆಯಿಂದ ಎತ್ತಿಸುವುದಾಗಿ ನೋಟೀಸು ಅಂಟಿಸಿದಿರಿ.

ದಸರೆಯಿಂದ ಈಚೆಗೆ ಅವಳು ನೇಯ್ದು ಕೊಟ್ಟ ಎಂಟು ಸೀರೆ ತಮ್ಮ ಬೆನ್ನ ಹಿಂದಿನ ಕಪಾಟಿನಲ್ಲಿಯೇ ಇವೆ. "ಸೀರಿ ಅಲ್ಲೇ ಕಾಣಾಕ ಹತ್ಯಾವಲ್ರೀ, ನೂಲು ನಾ ನುಂಗೀನೇನ್ರೀ?" ಎಂದು ಅವಳು ಕೇಳಿದ್ದಕ್ಕೆ ತಾವು, "ಕಪಾಟಿನ್ಯಾಗ ಇದ್ರ ಏನಾತವಾ? ಮಾರಿದ ಮ್ಯಾಲೆ ಜಮಾ. ಪುಸ್ತಕದಾಗ ಇಲ್ಲಂದ್ರ ಇಲ್ಲ!" ಎಂದು ಅಪ್ಪಣೆ ಕೊಡಿಸಿದಿರಿ.

ಎಂಥ ಪಾಂಡಿತ್ಯ! ಒಬ್ಬರು ಕೊಟ್ಟರೆ ಇನ್ನೊಬ್ಬರು ಪಡೆದಿರಲೇಬೇಕು, ಅದನ್ನು ಎರಡೂ ಕಡೆ ಅದೇ ದಿನ ಬರೆಯಬೇಕು, ಮಾರದೆ ಉಳಿದ ಮಾಲು ಸಂಘದ ಆಸ್ತಿಯೇ ಹೊರತು ನೇಕಾರರ ಸಾಲವಲ್ಲ ಎಂದು ಗದಗಿನ ಹತ್ತಿ ಅಂಗಡಿಗಳಲ್ಲಿ ಹೊಸ ಗುಮಾಸ್ತನಿಗೆ ಮೊದಲ ದಿನವೇ ಕಲಿಸುತ್ತಾರೆ. ಪಾಪ, ಅವರಿಗೆ ತಮ್ಮ ಪರಿಚಯವಿಲ್ಲ. ನೂಲು ಕೊಟ್ಟ ಗಳಿಗೆಯಲ್ಲೇ ಸಾವಕ್ಕನ ಹೆಸರಿಗೆ ಬಾಕಿ ಬರೆಯುವ ಲೇಖನಿ, ಸೀರೆ ಬಂದಾಗ ಮಾತ್ರ ಯಾವ ಊರಿಗೆ ಹೋಗಿರುತ್ತದೆ?

ಹಾಗೆಂದು ತಮ್ಮ ಲೇಖನಿ ಮೈಗಳ್ಳ ಎನ್ನಲಾರೆವು. ಮನೆಯ ಖರ್ಚು ಬೇರೆ, ಸಂಘದ ಖರ್ಚು ಬೇರೆ ಎಂಬ ಸಣ್ಣತನ ತಮಗಿಲ್ಲ. ಲಕ್ಕುಂಡಿಯಿಂದ ತಮ್ಮ ಬೀಗರು ಬಂದರೆ, ಟಾಂಗಾ ಹೊಡೆಯುವ ಜಹಾಂಗೀರ ಹೇಳುವಂತೆ, "ಬೀಗರು ಇಳಿಯೂಕಿಂತ ಮದಲ ಬಾಡಗಿಗೆ ಸಂಘದ ಚೀಟಿ ನನ್ನ ಕೈಯಾಗ ಇರತೈತ್ರಿ!"

ಆದ್ದರಿಂದ ಕೈಮುಗಿದು ಬೇಡುವುದೇನೆಂದರೆ, ಮಾರಿದ ಮೇಲೆಯೇ ಜಮಾ ಎಂಬ ಈ ನಿಯಮವನ್ನು ಎಲ್ಲ ಕಡೆಗೂ ಹಬ್ಬಿಸಬೇಕು. ಸೀರೆ ಮಾರುವ ತನಕ ಸಾವಕ್ಕನ ಮಕ್ಕಳಿಗೆ ಹಸಿವಾಗಬಾರದೆಂದು ಸುತ್ತೋಲೆ ಹೊರಡಿಸಬೇಕು. ತಮ್ಮ ಪಗಾರವನ್ನೂ, ಆ ಸೀರೆಯನ್ನು ಕೊಂಡವಳು ಉಟ್ಟು, ಒಗೆದು, ಬಣ್ಣ ಬಿಡಲಿಲ್ಲವೆಂದು ಬರೆದುಕೊಟ್ಟ ಮೇಲೆಯೇ ತೆಗೆದುಕೊಳ್ಳುವ ದೊಡ್ಡ ಮನಸ್ಸು ಮಾಡಬೇಕು. ಇಲ್ಲವೇ ಎಂಟು ಸೀರೆ ಜಮಾ ಮಾಡಿ ಅವಳಿಗೆ ನೂಲು ಕೊಡಬೇಕು. ಇದು ತಮಗೆ ಎಲ್ಲಕ್ಕಿಂತ ಕಷ್ಟವೆಂದು ಬಲ್ಲೆವು.

ಪುಸ್ತಕದಲ್ಲಿ ಬರೆದುಕೊಳ್ಳದಿದ್ದರೂ ಇಲ್ಲವಾಗದ, ತಮ್ಮ ವಿಶ್ವಾಸಿ,
ತಿರಕಪ್ಪ, ನೇಕಾರ ಸದಸ್ಯ

ವಿ.ಸೂ.: ಮಗ್ಗ ಹೊರಲು ನಾಲ್ಕು ಜನ ಹಮಾಲರನ್ನು ಗೊತ್ತು ಮಾಡಿದ್ದೀರೆಂದು ಖಬರ ಬಂದಿದೆ. ಅವರನ್ನು ಬಿಡಬೇಡಿ, ಕಪಾಟನ್ನು ಎಲ್ಲರ ಎದುರಿಗೆ ಹೊರಗೆ ತರಲು ಬೇಕಾಗುತ್ತಾರೆ. ಸದಸ್ಯರು ಸೇರುವುದು ಸಂಘದ ಬಾಗಿಲ ಮುಂದೆ, ಡಿಸೆಂಬರ್ ಎರಡು, ರವಿವಾರ, ಮುಂಜಾನೆ ಒಂಬತ್ತು ಗಂಟೆಗೆ.